ವ್ಯಾನಿನ ಕ್ಯಾಮ್‌ಶಾಫ್ಟೂ ಅತ್ತೆಯ ಮೊಣಕಾಲೂ

ಹೊಳೆಯುವುದನ್ನು ಕಂಡರೆ ನನಗೆ ಮೊದಲು ಬರುವುದು ಅನುಮಾನ. ಇದು ಸ್ವಭಾವದ ದೋಷವಲ್ಲ, ಉದ್ಯೋಗದ ದೋಷ. ತೆಲುಗು ನಾಡಿನ ಕಡಲ ಪಕ್ಕದ ಗಾಜುವಾಕದ ಬ್ಯಾಂಕೊಂದರಲ್ಲಿ ಚಿನ್ನದ ಸಾಲದ ಮೇಜಿನ ಹಿಂದೆ ಕೂತು, ಬಂದವರ ಬಳೆ ಸರಗಳನ್ನು ಉಗುರಿನಲ್ಲಿ ಸವರಿ ನೋಡುವುದು ನನ್ನ ಕೆಲಸ. ಮದುವೆಮನೆಯಲ್ಲೂ ಪಕ್ಕದವರ ಕೊರಳು ನೋಡಿ ಮನಸ್ಸಿನಲ್ಲೇ ತೂಕ ಹಾಕುತ್ತೇನೆ. ಇಂಥವಳು ಒಂದು ಬಣ್ಣದ ಕ್ಯಾಟಲಾಗಿಗೆ ಮರುಳಾದೆ ಎಂದರೆ ನೀವು ನಂಬಲಿಕ್ಕಿಲ್ಲ. ಅದೂ ಒಡವೆಯ ಕ್ಯಾಟಲಾಗಲ್ಲ, ಕ್ಯಾಮ್‌ಶಾಫ್ಟಿನದು.

ನಮ್ಮ ಮನೆಯಲ್ಲಿ ಒಂದು ಹಳೆಯ ಕಾರಿದೆ. ದೇವರ ದರ್ಶನಕ್ಕೆಂದು ಹತ್ತುವ ಸಿಂಹಾಚಲಂ ಬೆಟ್ಟದ ಎರಡನೆಯ ತಿರುವಿಗೆ ಬಂದರೆ ಅದಕ್ಕೆ ಏದುಸಿರು. ನಾವೆಲ್ಲ ಇಳಿದು ನಡೆಯಬೇಕು. ಹಗುರಾದ ಕಾರು ಮೇಲೆ ಹೋಗಿ ನಮಗಾಗಿ ಕಾಯುತ್ತದೆ. ವರ್ಷಗಟ್ಟಲೆ ಹೀಗೇ ನಡೆಯಿತು. ಹೋದ ವರ್ಷ ಅತ್ತೆಯ ಮೊಣಕಾಲು ಕೈಕೊಟ್ಟಿತು. “ನಾನಿನ್ನು ಬರಲ್ಲ, ನನ್ನ ಪಾಲಿನ ನಮಸ್ಕಾರಾನೂ ನೀವೇ ಹಾಕಿ ಬನ್ನಿ” ಎಂದು ಅವರು ಅಂದಾಗ ಮಾವಯ್ಯ ಊಟದ ತಟ್ಟೆಯಿಂದ ತಲೆ ಎತ್ತಿದರು. ಮಾವಯ್ಯ ಅಂದರೆ ನನ್ನ ಗಂಡನ ತಂದೆ, ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರ ತಾಯಿ ಬಳ್ಳಾರಿಯವರಾದ್ದರಿಂದ ಮನೆಯಲ್ಲಿ ಕನ್ನಡ ಉಳಿದಿದೆ, ತೆಲುಗಿನ ಒಗ್ಗರಣೆಯೊಂದಿಗೆ. “ನೀನು ಇಳಿಯೋ ಹಂಗೇ ಇಲ್ಲ. ಕೂತಲ್ಲೇ ಕೂತಿರು, ನಾನು ಹತ್ತಿಸ್ತೀನಿ” ಎಂದರು.

ಬುದ್ಧಿ ನೆಟ್ಟಗಿರುವವರು ಬೇರೆ ಕಾರು ಕೊಳ್ಳುತ್ತಿದ್ದರು. ಮಾವಯ್ಯ ಗುಜರಿಯಿಂದ ಒಂದು ಸೂಪರ್‌ಚಾರ್ಜರ್ ತಂದರು. ಅಂದರೆ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಸ್ಪ್ಯಾನರ್ ಎತ್ತಿಕೊಡುವವಳಾಗಿ ಸೇರಿಕೊಂಡ ನಾನು ಒಂದೇ ತಿಂಗಳಲ್ಲಿ ಸಲಹೆ ಕೊಡುವವಳಾಗಿ ಬಡ್ತಿ ಪಡೆದೆ. ಎಂಜಿನ್ ಬಿಚ್ಚಿ ನೋಡಿದರೆ ಕ್ಯಾಮ್‌ಶಾಫ್ಟ್ ಸವೆದುಹೋಗಿತ್ತು. ಗಾಳಿ ಬರುವ ಬಾಗಿಲು, ಹೊಗೆ ಹೋಗುವ ಬಾಗಿಲುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ, ಮೈಮೇಲೆ ಎಂಟು ಉಬ್ಬುಗಳಿರುವ ಸಲಾಕೆ ಅದು. ರೇಸಿನ ಕ್ಯಾಮ್‌ಶಾಫ್ಟೇ ಬೇಕೆಂದು ನಾನು ಪಟ್ಟು ಹಿಡಿದೆ. ಕ್ಯಾಟಲಾಗಿನಲ್ಲಿ ಅದರ ಗುಣಗಾನ ನಾಲ್ಕು ಪುಟವಿತ್ತು, ಮುದ್ರಿತ ಕಾಗದ ಕಂಡರೆ ನಮ್ಮಂಥ ಬ್ಯಾಂಕಿನವರಿಗೆ ಭಕ್ತಿ. ಬೆಲೆಯನ್ನು ಮಾತ್ರ ಹೆಬ್ಬೆರಳಿನಿಂದ ಮುಚ್ಚಿ ತೋರಿಸಿದೆ.

ಮಾವಯ್ಯ ಎದ್ದು ಮುಂಬಾಗಿಲು, ಹಿತ್ತಿಲ ಬಾಗಿಲು ಎರಡನ್ನೂ ತೆರೆದರು. ಸಮುದ್ರದ ಕಡೆಯ ಗಾಳಿ ನುಗ್ಗಿ ಬಂದು, ನನ್ನ ಕ್ಯಾಟಲಾಗಿನ ಹಾಳೆಗಳನ್ನು ಮಗುಚಿ, ಹಿಂದಿನಿಂದ ಹೊರಟುಹೋಯಿತು. “ಗಾಳಿ ಬಂತು ಕದಾ ಅಮ್ಮಾ? ನಿಂತಿತಾ?” ಎಂದರು. ರೇಸಿನದು ಎರಡು ಬಾಗಿಲನ್ನೂ ಬಹಳ ಹೊತ್ತು ಒಟ್ಟಿಗೇ ತೆರೆದಿಡುತ್ತದಂತೆ. ನಾವು ಕಷ್ಟಪಟ್ಟು ತುಂಬಿದ ಗಾಳಿ ಕೆಲಸ ಮಾಡದೆಯೇ ಆಚೆ ಹೋಗುತ್ತದೆ. ನಮಗೆ ಬೇಕಾದದ್ದು, ಹೆಚ್ಚುಕಡಿಮೆ ಒಂದು ಮುಚ್ಚಿದ ಮೇಲೆ ಇನ್ನೊಂದನ್ನು ತೆರೆಯುವ, ಕಂಪನಿಯಿಂದಲೇ ಬಂದ ಸಾಧು ಕ್ಯಾಮ್‌ಶಾಫ್ಟ್. ಇದೇ ಎಂಜಿನ್ನಿನ ವ್ಯಾನುಗಳಲ್ಲಿ ಅಂಥದ್ದು ಇರುತ್ತಿತ್ತು. ತರಕಾರಿ ಬುಟ್ಟಿ ಹೊತ್ತು ತಿರುಗಿದ ವ್ಯಾನು! ನನ್ನ ಮುಖ ಸಣ್ಣಗಾಯಿತು.

ಅದನ್ನು ಹುಡುಕಿಕೊಂಡು ಇಬ್ಬರೂ ರೈಲು ಹತ್ತಿ ಹಳೆಯ ವಾಹನಗಳ ಬಿಡಿಭಾಗ ಮಾರುವ ವಿಜಯವಾಡದ ಆಟೋನಗರಕ್ಕೆ ಹೋದೆವು. ಅಂಗಡಿಯಾತ ಎರಡು ಕ್ಯಾಮ್‌ಶಾಫ್ಟು ಮುಂದಿಟ್ಟ. ಒಂದು ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಸುಟ್ಟ ಎಣ್ಣೆ ಹಿಡಿದು ಕಾಫಿ ಬಣ್ಣಕ್ಕೆ ತಿರುಗಿತ್ತು. “ಇದಿ ತೀಸುಕೋಂಡಿ ಮೇಡಂ” ಎಂದು ಹೊಳೆಯುವುದನ್ನೇ ನನ್ನ ಕಡೆ ತಳ್ಳಿದ. ಮಾವಯ್ಯ ಅಳತೆಯ ಕ್ಯಾಲಿಪರ್ ಮರೆಯದೆ ತಂದಿದ್ದರು, ಕನ್ನಡಕ ಮರೆತಿದ್ದರು. “ನೀನೇ ನೋಡಮ್ಮಾ” ಎಂದರು.

ಇಷ್ಟು ವರ್ಷದ ಉದ್ಯೋಗ ನನ್ನ ಉಗುರಿಗೆ ಬಂದು ಕೂತಿತು. ಉಬ್ಬುಗಳ ನೆತ್ತಿಯ ಮೇಲೆ ಎಳೆದೆ. ಹೊಳೆಯುವುದರ ಮೂರನೆಯ ಉಬ್ಬಿನಲ್ಲಿ ಉಗುರು ತಡೆಯಿತು. ಸವೆದದ್ದನ್ನು ಯಾರೋ ಉಜ್ಜಿ ಉಜ್ಜಿ ಮೆರುಗು ಬರಿಸಿದ್ದರು. ಕ್ಯಾಲಿಪರ್ ಹಿಡಿದರೆ ಒಂದೊಂದು ಉಬ್ಬಿಗೆ ಒಂದೊಂದು ಎತ್ತರ. ಕಾಫಿ ಬಣ್ಣದ್ದರ ಮೇಲೆ ಉಗುರು ಎಲ್ಲೂ ತಡೆಯದೆ ಜಾರಿತು, ಎಂಟೂ ಒಂದೇ ಅಳತೆ. ಅದನ್ನೇ ಎತ್ತಿಕೊಂಡೆ. ದುಬಾರಿ ವಸ್ತುವನ್ನು ಬೆಲೆಚೀಟಿ ನೋಡಿಯೇ ಕೊಳ್ಳಬಹುದು. ಅಗ್ಗದ್ದನ್ನು ಕೊಳ್ಳಲು ಕಣ್ಣು, ಉಗುರು, ತಾಳ್ಮೆ ಮೂರೂ ಬೇಕೆಂದು ಅಂದು ನನಗೆ ತಿಳಿಯಿತು. ನಿಮ್ಮ ಮಗಳು ಎಲ್ಲಿ ಕೆಲಸ ಕಲಿತಳು ಎಂದು ಅಂಗಡಿಯಾತ ಮಾವಯ್ಯನನ್ನು ಕೇಳಿದ. ಸೊಸೆ ಎಂದು ಮಾವಯ್ಯ ತಿದ್ದಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಚೌಕಾಸಿ ಮಾಡುವುದನ್ನೇ ಮರೆತೆ.

ಎಲ್ಲ ಜೋಡಿಸಿ, ಒಂದು ಭಾನುವಾರ ಬೆಳಗ್ಗೆ ನಾಲ್ವರೂ ಹೊರಟೆವು. ಎರಡನೆಯ ತಿರುವು ಬಂತು. ಅತ್ತೆ ಅಭ್ಯಾಸಬಲದಿಂದ ಸೆರಗು ಸಿಕ್ಕಿಸಿ ಬಾಗಿಲ ಹಿಡಿಗೆ ಕೈ ಹಾಕಿದರು. ಮಾವಯ್ಯ ಆಕ್ಸಿಲರೇಟರ್ ಒತ್ತಿದರು. ಕಾರು ಕೀರಲು ದನಿಯಲ್ಲಿ ಒಮ್ಮೆ ಕೂಗಿ, ನಮ್ಮೆಲ್ಲರನ್ನೂ ಹೊತ್ತು, ತಿರುವನ್ನು ದಾಟಿಯೇಬಿಟ್ಟಿತು! ನಾನು ಕಿರುಚಿದೆ. ಇಷ್ಟು ದಿನ ಇದನ್ನೆಲ್ಲ ಹುಚ್ಚು ಎನ್ನುತ್ತಿದ್ದ ನನ್ನ ಗಂಡ ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಕಿಟಕಿಯಾಚೆ ಕತ್ತು ಚಾಚಿ, ಹಿಂದೆ ಬಿದ್ದ ತಿರುವನ್ನೇ ನೋಡುತ್ತಿದ್ದರು.

ಮೇಲೆ ಕಾರು ನಿಂತಿತು. ಮಾವಯ್ಯ ಇಳಿದು ಬಂದು ಅವರ ಬಾಗಿಲು ತೆರೆದರು. ಅತ್ತೆ ಇಳಿಯಲಿಲ್ಲ. ಮೊಣಕಾಲು ಹಿಡಿದುಕೊಂಡಿತೇನೋ ಎಂದು ನಾವು ಗಾಬರಿಯಾದೆವು.

“ಏವಂಡೀ, ಕೆಳಗೆ ಹೋಗಿ ಇನ್ನೊಂದು ಸಾರಿ ಹತ್ತಿಸಿ” ಎಂದರು ಅತ್ತೆ.

ಎಪ್ಪತ್ತು ದಾಟಿದ ಮಾವಯ್ಯ ಬಾಗಿಲು ಮುಚ್ಚಿ, ಕಾರನ್ನು ಸುತ್ತಿಕೊಂಡು ಓಡಿಹೋಗಿ ಸ್ಟೇರಿಂಗ್ ಹಿಡಿದರು. ನಮ್ಮ ಮನೆಯಲ್ಲಿ ಭಕ್ತಿ ಎಂದರೆ ಅತ್ತೆಯದೇ. ಆದರೂ ಆ ಬೆಳಗ್ಗೆ ದೇವರು ಸ್ವಲ್ಪ ಕಾಯಬೇಕಾಯಿತು.