ಜಕೀವುಲ್ಲಾ ಹಿಡಿದ ನಾಲ್ಕನೇ ಸ್ಟೇಜಿನ ರಾಗ

ಭಾರತೀನಗರದ ಬಸ್‌ಸ್ಟ್ಯಾಂಡಿನ ಹಿಂದೆ ಟಿವಿ ರಿಪೇರಿ ಅಂಗಡಿ ಇಟ್ಟಿರುವ ಜಕೀವುಲ್ಲಾನಿಗೆ ಹೇಸಿಗೆ ಅನ್ನುವುದು ಹುಟ್ಟಿನಿಂದಲೇ ಬಂದ ಆಸ್ತಿ. ಮದ್ದೂರಿನಲ್ಲಿ ಯಾರಾದರೂ ಕ್ಯಾಕರಿಸಿದರೆ ಇವನು ಇಲ್ಲಿ ಕೂತು ಮೂಗು ಮುಚ್ಚಿಕೊಳ್ಳುತ್ತಾನೆ. ಪಕ್ಕದವನು ಬೆರಳು ನೆಕ್ಕಿದ ಅಂತ ಮದುವೆ ಮನೆಯ ಬಿರಿಯಾನಿ ಬಿಟ್ಟು ಎದ್ದುಬಂದ ಭೂಪ. ಸ್ವಂತ ಎಂಜಲು ನುಂಗುವಾಗಲೂ ಒಂದು ಗಳಿಗೆ ಯೋಚನೆ ಮಾಡುತ್ತಾನೆ ಅನ್ನುವುದು ಹೆಂಡತಿ ಶಮೀಮ್ ಬಾನುವಿನ ಹೇಳಿಕೆ.

ಇಂಥವನಿಗೆ ಅಂಟಿಕೊಂಡ ಹುಚ್ಚು ನೋಡಿ. ಮೂವತ್ತು ವರ್ಷದ ಹಿಂದೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ಊರವರ ಅಟ್ಟದಿಂದ ಇಳಿಸಿ, ಅವುಗಳ ಕೀಂಕೀಂ ರಾಗವನ್ನು ವೈರಿನಲ್ಲಿ ಕಂಪ್ಯೂಟರಿಗೆ ಎಳೆದುಕೊಂಡು, ತಮಟೆ ಏಟು ಕೂಡಿಸಿ ರೀಮಿಕ್ಸ್ ಮಾಡುತ್ತಾನೆ. ಕಬ್ಬಿನ ಟ್ರ್ಯಾಕ್ಟರಿನವರಿಗೆ ಅದೇ ಬೇಕು. ಸಕ್ಕರೆ ಫ್ಯಾಕ್ಟರಿ ಮುಂದಿನ ಸಾಲಿನಲ್ಲಿ ನಿಂತು ಅದನ್ನು ಹಾಕಿದರೆ ಲೋಡಿನ ಕಬ್ಬು ಗಾಣದ ಹಂಗಿಲ್ಲದೆ ರಸ ಬಿಡುತ್ತದೆ, ಮಳವಳ್ಳಿ ತನಕ ಎಮ್ಮೆಗಳು ಹಾಲು ಕೊಡುವುದು ಮರೆಯುತ್ತವೆ.

ಪೆಟ್ಟಿಗೆ ಬಿಚ್ಚಿದಾಗ ಒಳಗಿರುವುದು ಮಾತ್ರ ರಾಗವಲ್ಲ. ಇಲಿಯ ಉಚ್ಚೆ, ಮೂರು ತಲೆಮಾರಿನ ಜಿರಲೆ ಸಂಸಾರ. ಅವಕ್ಕೆ ರೇಷನ್ ಕಾರ್ಡು ಒಂದೇ ಕಮ್ಮಿ. ಜಕೀವುಲ್ಲಾ ಮೂಗಿಗೆ ಟವೆಲ್ ಕಟ್ಟಿ, ಓಕರಿಸಿಕೊಂಡೇ ಗುಡಿಸುತ್ತಾನೆ.

ಕೋಟೆ ಹತ್ತುವ ಬೇಟೆಗಾರನ ಆಟವೊಂದಿತ್ತು. ಅದರ ಮೂರು ಸ್ಟೇಜಿನ ರಾಗ ಸಿಕ್ಕಿ ಹತ್ತು ವರ್ಷವಾಗಿತ್ತು. ನಾಲ್ಕನೆಯದಿಲ್ಲದೆ ಆ ರೀಮಿಕ್ಸು ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ಕೂತಿತ್ತು. ಆಟದ ಕ್ಯಾಸೆಟ್ಟು ಇದ್ದದ್ದು ಯಲಿಯೂರಿನ ಟ್ರ್ಯಾಕ್ಟರ್ ಡ್ರೈವರ್ ದೇವರಾಜುವಿನ ಹತ್ತಿರ. ನಾಲ್ಕನೇ ಸ್ಟೇಜು ಮುಟ್ಟುವ ಹೆಬ್ಬೆರಳು ಇದ್ದದ್ದೂ ಅವನೊಬ್ಬನಿಗೇ. ಆದರೆ ಅವನ ಬಾಯಲ್ಲಿ ಹಗಲಿಡೀ ಗುಟ್ಕಾ, ಅದಕ್ಕೇ ಜಕೀವುಲ್ಲಾ ಇಷ್ಟು ದಿನ ಅವನನ್ನು ಅಂಗಡಿಗೆ ಕರೆದಿರಲಿಲ್ಲ.

ಕೊನೆಗೂ ಕರೆಸಿದಾಗ ಒಂದು ಮಧ್ಯಾಹ್ನ ದೇವರಾಜು ಬಂದು ಕ್ಯಾಸೆಟ್ಟು ಸಿಕ್ಕಿಸಿದ. ಪರದೆ ಬೆಳ್ಳಗೇ ಇತ್ತು. ಚಿಕ್ಕಂದಿನಲ್ಲಿ ಎಲ್ಲರೂ ಮಾಡುತ್ತಿದ್ದಂತೆ ಅದನ್ನು ಕಿತ್ತು, ತುಟಿಗೆ ಹಿಡಿದು, ಎದೆತುಂಬ ಉಸಿರು ಎಳೆದು ಊದಿಯೇಬಿಟ್ಟ. ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳೆಲ್ಲ ಕೆಂಪಾದವು.

"ಏನ್ಲಾ ಮಾಡ್ದೆ?" ಜಕೀವುಲ್ಲಾನ ಗಂಟಲಿಗೆ ಬೆಳಗಿನ ಇಡ್ಲಿ ವಾಪಸ್ಸು ಬಂದಿತ್ತು.

"ಊದ್ದೆ ಕಣಣ್ಣ. ಊದ್ದೆ ಇದ್ರೆ ಬತ್ತದಾ ಅದು?"

"ಊದ್ದಂಗಿಲ್ಲ ಕಣ್ಲಾ, ಓಕ್ಲಿ ಆಡ್ದಂಗದೆ. ಕೊಡಿಲ್ಲಿ, ದರಿದ್ರದವ್ನೆ."

"ಎಂಜ್ಲಿಗೆ ಇಷ್ಟು ಎದರ್ಕಂಡ್ರೆ ಮಕ್ಳೆಂಗಾದವಣ್ಣ ನಿಂಗೆ?"

ಜಕೀವುಲ್ಲಾ ಕ್ಯಾಸೆಟ್ಟು ಕಿತ್ತುಕೊಂಡ. ಬಾಯಿ ತೆರೆದರೆ ಇಡ್ಲಿ ಬರುತ್ತಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ, ಒರೆಸಿದ. ಒಂದು ಹಾಸಿಗೆಗಾಗುವಷ್ಟು ಹತ್ತಿ ಮುಗಿಯಿತು. ಆಟ ಶುರುವಾಯಿತು.

ಮುಕ್ಕಾಲು ಗಂಟೆಗೆ ದೇವರಾಜು ನಾಲ್ಕನೇ ಸ್ಟೇಜು ಮುಟ್ಟಿದ. ಬೇಟೆಗಾರನಿಗೆ ಒಂದೇ ಜೀವ ಉಳಿದಿತ್ತು. ರೆಕಾರ್ಡಿಂಗಿನ ಕಷ್ಟ ಇರುವುದೇ ಇಲ್ಲಿ. ಬೇಟೆಗಾರ ಹಾರಿದರೆ, ಹೊಡೆದರೆ, ಆ ಟಿಂಗ್‌ಟಿಂಗ್ ಸದ್ದು ರಾಗದೊಳಗೆ ಸೇರಿಬಿಡುತ್ತದೆ. ಆಟ ನಿಲ್ಲಿಸಿದರೆ ರಾಗವೂ ನಿಲ್ಲುತ್ತದೆ. ಅದಕ್ಕೆ ರಾಗ ಒಂದು ಸುತ್ತು ಮುಗಿಯುವ ನಲವತ್ತು ಸೆಕೆಂಡು ಬೇಟೆಗಾರ ಸುಮ್ಮನೆ ಇರಬೇಕು. ಆದರೆ ತಲೆಯ ಮೇಲೆ ಕೊಕ್ಕರೆ ಬೆಳ್ಳೂರಿನಿಂದ ಗುಳೆ ಎದ್ದ ಹಾಗೆ ಹಕ್ಕಿಗಳು ಬರುತ್ತಿದ್ದವು. ಕೆಳಗಿನ ಬಟನ್ನು ಒತ್ತಿಹಿಡಿದು ಅವನನ್ನು ಕುಕ್ಕರುಗಾಲಿನಲ್ಲಿ ಕೂರಿಸಿರಬೇಕು. ಬೆರಳು ಸಡಿಲಿಸಿದರೆ ಸತ್ತ.

ರಾಗ ಹರಿಯತೊಡಗಿತು. ಜಕೀವುಲ್ಲಾ ರೆಕಾರ್ಡು ಒತ್ತಿ ಸೆಕೆಂಡು ಎಣಿಸತೊಡಗಿದ. ಹದಿನೈದನೇ ಸೆಕೆಂಡಿಗೆ ದೇವರಾಜು "ಉಂ" ಅಂದ. ಕೆನ್ನೆ ಎರಡೂ ಗುಟ್ಕಾ ರಸ ತುಂಬಿದ ಕುಂಬಳಕಾಯಿ. ಕಣ್ಣಲ್ಲಿ ನೀರು.

"ನುಂಗ್ಲಾ."

ದೇವರಾಜು ತಲೆ ಅಲ್ಲಾಡಿಸಿದ. ತುಟಿಯ ಸಂದಿಯಲ್ಲಿ ಕೆಂಪು ಇಳಿಯಿತು. ನೇರ ಕೆಳಗೇ ಗೇಮ್ ಪೆಟ್ಟಿಗೆ, ಪಕ್ಕದಲ್ಲಿ ಕಂಪ್ಯೂಟರು. ಇನ್ನೂ ಇಪ್ಪತ್ತು ಸೆಕೆಂಡು. ಜಕೀವುಲ್ಲಾನ ಕೈಗೆಟುಕಿದ್ದು ಮನೆಯಿಂದ ತಂದ ಊಟದ ಡಬ್ಬಿ ಒಂದೇ. ಅದರ ಮುಚ್ಚಳ ಕಿತ್ತು, ಕಣ್ಣು ಮುಚ್ಚಿ, ದೇವರಾಜುವಿನ ಗದ್ದದ ಕೆಳಗೆ ಹಿಡಿದ.

ಬಿಸಿಯಾಗಿ ಬಂತು. ಮುಚ್ಚಳ ತುಂಬಿತು. ಜಕೀವುಲ್ಲಾನ ಹೆಬ್ಬೆರಳೂ ಮುಳುಗಿತು. ಕೈ ಅಲ್ಲಾಡಲಿಲ್ಲ. ಬೇಟೆಗಾರ ಕೂತೇ ಇದ್ದ. ರಾಗ ಮುಗಿದು ಮತ್ತೆ ಮೊದಲಿಗೆ ಬಂತು.

"ಸಿಕ್ತಾ?" ದೇವರಾಜು ಕೇಳಿದ, ಬಾಯಿ ಖಾಲಿಯಾಗಿತ್ತಲ್ಲ.

ಜಕೀವುಲ್ಲಾ ಸೇವ್ ಮಾಡಿದ ಮೇಲೆಯೇ ಹಿತ್ತಿಲಿಗೆ ಓಡಿದ್ದು. ಇಡ್ಲಿಯ ಜೊತೆ ಹಿಂದಿನ ರಂಜಾನಿನ ಖರ್ಜೂರವೂ ಬಂತಂತೆ. ಆಮೇಲೆ ಮಂಡಿಯಾಳದ ಗುಂಡಿ ತೋಡಿ ಮುಚ್ಚಳ ಹೂತ. ಸಂಜೆ ಶಮೀಮ್ ಬಾನು "ಮುಚ್ಚಳ ಎಲ್ರೀ?" ಅಂದದ್ದಕ್ಕೆ "ಮಣ್ಣಾಯ್ತು" ಅಂದು ಮಲಗಿಬಿಟ್ಟ.

ಈಗ ಎಲ್ಲ ಟ್ರ್ಯಾಕ್ಟರಿನಲ್ಲೂ ಅದೇ ರೀಮಿಕ್ಸು. ನಾಲ್ಕನೇ ಸ್ಟೇಜು ಬಂದಾಗ ಡ್ರೈವರುಗಳು ಸೌಂಡು ಏರಿಸುತ್ತಾರೆ. ಜಕೀವುಲ್ಲಾ ಎದ್ದು ಹೋಗಿ ಆ ನಲವತ್ತು ಸೆಕೆಂಡೂ ಬಲಗೈಗೆ ಸೋಪು ಉಜ್ಜುತ್ತಾನೆ. ಈ ಸೀಸನ್ನಿಗೆ ಹದಿನೇಳು ಸೋಪು ಸವೆದಿದೆ, ಅರ್ಧ ಕಬ್ಬು ಇನ್ನೂ ಗದ್ದೆಯಲ್ಲೇ ಇದೆ.