ಪೆಟ್ಟಿಗೆಯ ಹಲಗೆ

ನಮ್ಮೂರ ಚರ್ಚಿನ ಚರಿತ್ರೆಯನ್ನು ಎಲ್ಲರೂ ಈಗಿನ ಕಲ್ಲಿನ ಕಟ್ಟಡದಿಂದಲೇ ಶುರುಮಾಡುತ್ತಾರೆ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದಕ್ಕೂ ಮೊದಲು, ನಿಜಾಮರ ಕಾಲದಲ್ಲಿ, ಅಲ್ಲಿ ಮಣ್ಣಿನ ಗೋಡೆಯ ಚರ್ಚಿತ್ತು. ಕುಷ್ಟಗಿ ದಾರಿಯಿಂದ ಗುರುಗಳು ಯಾವಾಗಲೋ ಒಮ್ಮೆ ಬಂಡಿಯಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು.

ಆ ಚರ್ಚಿನ ಹಿಂಭಾಗದಲ್ಲಿ ಒಂದು ಶವಪೆಟ್ಟಿಗೆ ಇರುತ್ತಿತ್ತು. ಯಾರು ಸತ್ತರೂ ಅದೇ ಪೆಟ್ಟಿಗೆ. ಹೆಣವನ್ನು ಅದರಲ್ಲಿ ಹೊತ್ತೊಯ್ದು, ಬಿಳಿ ಬಟ್ಟೆಯಲ್ಲೇ ಕುಣಿಗಿಳಿಸಿ, ಖಾಲಿ ಪೆಟ್ಟಿಗೆಯನ್ನು ವಾಪಸ್ ತರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಮಾಡಿಸುವ ಶಕ್ತಿ ಯಾರಿಗಿತ್ತು?

ನನ್ನ ತಂಗಿ ಜ್ವರದಿಂದ ತೀರಿಕೊಂಡಾಗ ಆ ಪೆಟ್ಟಿಗೆ ಅವಳಿಗೆ ತೀರ ದೊಡ್ಡದಾಯಿತು. ಮಗು ಅಲುಗಾಡಬಾರದೆಂದು ಅವ್ವ ಸುತ್ತಲೂ ಕೌದಿ ತುರುಕಿದಳು. ಕುಣಿಯ ಹತ್ತಿರ ಮಗುವನ್ನು ಎತ್ತಲು ಬಂದವರಿಗೆ ಅಡ್ಡ ನಿಂತಳು.

"ಪೆಟಗ್ಯಾಗ ಇರಲಿ ಬಿಡ್ರಿ. ಮಾರಿ ಮ್ಯಾಲ ಮಣ್ಣು ಬೀಳ್ತೈತಿ."

ಅಪ್ಪ ಅವಳ ಕೈ ಹಿಡಿದ. "ನಾಳಿ ಮತ್ತೊಬ್ಬರಿಗೆ ಬೇಕಾಗ್ತೈತಿ, ಬಾ" ಎಂದು ಪಕ್ಕಕ್ಕೆ ಸರಿಸಿದ.

ಕೆಲವು ವರ್ಷಗಳ ಮೇಲೆ ಕಲ್ಲಿನ ಚರ್ಚು ಕಟ್ಟುವಾಗ ಆ ಹಳೆಯ ಪೆಟ್ಟಿಗೆಯನ್ನು ಬಿಚ್ಚಿ, ಹಲಗೆಗಳಿಂದ ಒಂದು ಕಿಟಕಿಗೆ ಬಾಗಿಲು ಮಾಡಿದರು. ಅವ್ವ ಯಾವಾಗಲೂ ಆ ಕಿಟಕಿಯ ಕೆಳಗೇ ಕೂರುತ್ತಿದ್ದಳು. ಗಾಳಿಯ ದಿನಗಳಲ್ಲಿ ಹೊಲದ ಧೂಳು ನುಗ್ಗತೊಡಗಿದರೆ ಎಲ್ಲರಿಗಿಂತ ಮೊದಲು ಎದ್ದು, "ಮಣ್ಣು ಬರ್ತೈತಿ" ಎನ್ನುತ್ತ ಬಾಗಿಲು ಮುಚ್ಚುತ್ತಿದ್ದಳು.

ಗಾಳಿ ನಿಂತ ಮೇಲೂ ಆ ಹಲಗೆಯ ಮೇಲಿನ ಕೈ ತೆಗೆಯುತ್ತಿರಲಿಲ್ಲ.