ಅಂಗಿ ಎಳೆದದ್ದಕ್ಕೆ ತಕ್ಕ ಶಿಕ್ಷೆ

ಕಾನ್ವೆಂಟಿನಲ್ಲಿ ನಾನು ವಿಧೇಯ ಹುಡುಗಿ ಎಂದು ಹೆಸರಾದವಳು. ಆ ಹೆಸರಿನ ಬುಡದಲ್ಲೊಂದು ಕಿಲಾಡಿತನವಿತ್ತು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮೈಸೂರಿನ ನಮ್ಮ ಶಾಲೆಯ ಆವರಣದಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದರೆ, ಇನ್ನು ಇಂಗ್ಲಿಷಿನಲ್ಲೇ ಮಾತಾಡುತ್ತೇನೆಂದು ಐವತ್ತು ಸಲ ಬರೆದುಕೊಡಬೇಕಿತ್ತು. ನಾನು ಭಾನುವಾರ ಮಧ್ಯಾಹ್ನವೇ ಕೂತು ವಾರಕ್ಕಾಗುವಷ್ಟು ಬರೆದಿಟ್ಟುಕೊಳ್ಳುತ್ತಿದ್ದೆ. ಸೋಮವಾರದಿಂದ ಹೊಂಗೆಮರದ ಕೆಳಗೆ ಮನಸಾರೆ ಹರಟೆ. ಸಿಕ್ಕಿಬಿದ್ದರೆ ಮರುದಿನ ಚೀಲದಿಂದ ಹಾಳೆ ತೆಗೆದು, ತಲೆ ತಗ್ಗಿಸಿ, "ಸಾರಿ ಸಿಸ್ಟರ್" ಎಂದು ಒಪ್ಪಿಸುವುದು.

ಐರ್ಲೆಂಡಿನಿಂದ ಬಂದಿದ್ದ ಸಿಸ್ಟರ್ ಬ್ರಿಜಿಡ್ ಎರಡು ಸಲ ನಂಬಿದರು. ಮೂರನೆಯ ಸಲ ಹಾಳೆಯನ್ನು ಮೂಸಿದರು. ನಾಲ್ಕು ದಿನ ನನ್ನ ಟಿಫಿನ್ ಡಬ್ಬಿಯ ಜೊತೆಗಿದ್ದು ಅದಕ್ಕೆ ಮಾವಿನ ಉಪ್ಪಿನಕಾಯಿಯ ವಾಸನೆ ಹತ್ತಿತ್ತು. "ಇನ್ನು ನೀನು ಏನನ್ನೂ ಬರೆಯಬೇಡ. ಬಿಡುವಿನಲ್ಲಿ ಹದಿನೈದು ದಿನ ನನ್ನ ಪಕ್ಕದಲ್ಲಿ ಕೊಡೆ ಹಿಡಿದು ನಿಲ್ಲು," ಎಂದರು. ಹರಟೆಗೆಂದೇ ತಪ್ಪು ಮಾಡಿದವಳಿಂದ ಆ ಹರಟೆಯನ್ನೇ ಕಿತ್ತುಕೊಂಡರು. ನಾನು ಮೂರೇ ದಿನಕ್ಕೆ ನೆಟ್ಟಗಾದೆ.

ಆ ಕೊಡೆ ಮತ್ತೆ ನೆನಪಾದದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಒಂದು ಮೈದಾನದ ಅಂಚಿನಲ್ಲಿ, ಮಡಿಸುವ ಕುರ್ಚಿಯ ಮೇಲೆ. ನಮ್ಮ ಮನೆ ಇರುವುದು ನದಿಯಾಚೆಯ ಫೋರ್ಟ್ ಲೀಯಲ್ಲಿ, ಹದಿನಾಲ್ಕನೆಯ ಮಹಡಿ. ಒಂಬತ್ತನೆಯ ಮಹಡಿಯ ಮೊರೀನ್ ಸಿಸ್ಟರ್ ಬ್ರಿಜಿಡರ ದೇಶದವಳು. ತನ್ನೂರಿನ ಗೇಲಿಕ್ ಫುಟ್‌ಬಾಲನ್ನು ಭಾನುವಾರ ಆ ಮೈದಾನದಲ್ಲಿ ಹುಡುಗಿಯರಿಗೆ ಕಲಿಸುತ್ತಾಳೆ. ನನ್ನ ಹನ್ನೆರಡು ವರ್ಷದ ಮಗಳು ಚಿತ್ರಾ ಲಿಫ್ಟಿನಲ್ಲಿ ಅವಳ ಕೈಯ ಚೆಂಡನ್ನು ಮುಟ್ಟಿ ನೋಡಿದ್ದೇ ನೆಪ, ತಂಡಕ್ಕೆ ಸೇರಿಹೋದಳು.

ಈ ಆಟದಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಗೋಲಿನ ಅಡ್ಡಪಟ್ಟಿಯ ಮೇಲಿಂದ ಹಾರಿಸಿದರೆ ಒಂದು ಅಂಕ, ಕೆಳಗಿನ ಬಲೆಗೆ ಹೊಡೆದರೆ ಮೂರು. ಇಲ್ಲೇ ಮನುಷ್ಯಬುದ್ಧಿ ಕೆಲಸ ಮಾಡುವುದು. ಎದುರಾಳಿ ಬಲೆಯ ಕಡೆ ನುಗ್ಗುತ್ತಿದ್ದಾಳೆ, ಮೂರು ಅಂಕ ಹೋಗುತ್ತದೆ ಅನ್ನಿ. ಗೋಲಿನ ಮುಂದಿನ ಚೌಕ ಇನ್ನೆರಡು ಹೆಜ್ಜೆ ಇರುವಾಗಲೇ ಅವಳನ್ನು ಹಿಡಿದೆಳೆದು ಬೀಳಿಸಿಬಿಡುವುದು. ಅದಕ್ಕೆ ಶಿಕ್ಷೆ ಬರೀ ಒಂದು ಫ್ರೀ ಕಿಕ್. ಹೋದರೆ ಒಂದು ಅಂಕ. ಚೌಕದ ಒಳಗೆ ಎಳೆದರೆ ಮಾತ್ರ ಪೆನಾಲ್ಟಿ: ಹೊಡೆಯುವವಳು, ಗೋಲ್‌ಕೀಪರ್, ನಡುವೆ ಇನ್ಯಾರೂ ಇಲ್ಲ. ಆದ್ದರಿಂದ ಬುದ್ಧಿವಂತರು ಯಾವಾಗಲೂ ಹೊರಗೇ ಎಳೆಯುತ್ತಾರೆ.

ಅಂಥ ಒಬ್ಬ ಬುದ್ಧಿವಂತೆ ಕೆಂಗೂದಲ ಎರಡು ಜಡೆಯವಳು. ಇರುವುದೇ ನಾಲ್ಕು ತಂಡವಾದ್ದರಿಂದ ಮತ್ತೆ ಮತ್ತೆ ಎದುರಾಗುತ್ತಿದ್ದಳು. ಚೌಕ ಹತ್ತಿರವಾಗುತ್ತಲೇ ಚಿತ್ರಾಳ ಅಂಗಿಗೆ ಕೈ ಹಾಕಿ ಬೀಳಿಸುವಳು, ಆಮೇಲೆ "ಸಾರಿ" ಎಂದು ಕೈಕೊಟ್ಟು ಎಬ್ಬಿಸುವಳು, ಮಂಡಿಯ ಹುಲ್ಲನ್ನೂ ಕೊಡವುವಳು. ಮೊದಲ ದಿನ ನಾನು, ಎಷ್ಟು ಚೆನ್ನಾಗಿ ಬೆಳೆಸಿದ್ದಾರೆ ಹುಡುಗೀನ, ಎಂದು ಮೆಚ್ಚಿಕೊಂಡಿದ್ದೆ. ಎರಡನೆಯ ದಿನ ಆ "ಸಾರಿ" ಕೇಳಿದಾಗ ನನ್ನ ಮೂಗಿಗೆ ಉಪ್ಪಿನಕಾಯಿಯ ವಾಸನೆ ಬಡಿಯಿತು.

ಸೀಸನ್ ಮುಗಿಯುತ್ತ ಬಂದರೂ ಚಿತ್ರಾಳದ್ದು ಒಂದು ಗೋಲಿಲ್ಲ. ಕೊನೆಯ ಆಟಕ್ಕೆ ಎರಡು ದಿನ ಮುಂಚೆ ಶೂ ಚೀಲವನ್ನು ಬಾಗಿಲ ಹಿಂದೆ ಎಸೆದಳು.

"ಅಮ್ಮಾ, ಐ ಕ್ವಿಟ್. ಸಂಡೇ ಈಸ್ ಮೈ ಲಾಸ್ಟ್ ಗೇಮ್."

"ಯಾಕೆ ಪುಟ್ಟಾ? ಎಷ್ಟು ಚೆನ್ನಾಗಿ ಓಡ್ತೀಯ!"

"ವಾಟ್ಸ್ ದ ಯೂಸ್? ಶಿ ಜಸ್ಟ್ ಗ್ರ್ಯಾಬ್ಸ್ ಮಿ. ಆಮೇಲೆ ಸಾರಿ ಅಂತಾಳೆ!"

ನಾನು ನೇರ ಒಂಬತ್ತನೆಯ ಮಹಡಿಗಿಳಿದು ಮೊರೀನಳ ಹತ್ತಿರ ನ್ಯಾಯ ಕೇಳಿದೆ. ಅವಳು ಚಹಾ ಬಗ್ಗಿಸುತ್ತ ತಣ್ಣಗೆ, "ತಪ್ಪು ನಿನ್ನದೂ ಇದೆ. ಮಗುವಿಗೆ ಅಂಗಿ ಹಾಕಿದ್ದೀಯೋ, ಡೇರೆ ಕಟ್ಟಿದ್ದೀಯೋ? ಹಿಡಿಯುವವರಿಗೆ ಬೇರೇನು ಬೇಕು?" ಎಂದಳು.

ಮುಖಕ್ಕೆ ನೀರು ಎರಚಿದಂತಾಯಿತು. ಬೆಳೆಯುವ ಹುಡುಗಿ ಎಂದು ಎರಡು ಸೈಜು ದೊಡ್ಡದೇ ತೆಗೆದುಕೊಂಡಿದ್ದೆ. ನಮ್ಮಮ್ಮ ನನಗೆ ಹಾಗೇ ತರುತ್ತಿದ್ದರು, ಅವರಮ್ಮ ಅವರಿಗೆ. ಮೂರು ತಲೆಮಾರಿನಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ಯಾರೂ ತಮ್ಮ ಅಳತೆಯ ಬಟ್ಟೆ ಹಾಕಿದವರಲ್ಲ. ಅಳತೆಗೆ ಬರುವ ಹೊತ್ತಿಗೆ ಬಟ್ಟೆ ಹರಿದಿರುತ್ತಿತ್ತು. ಇಷ್ಟಾಗಿಯೂ ಕತ್ತರಿ ಹಾಕಲು ಮನಸ್ಸು ಬರಬೇಕಲ್ಲ! ಎರಡೂ ಬದಿ ನಾಲ್ಕು ನಾಲ್ಕು ಇಂಚು ಒಳಗೆ ಮಡಿಸಿ, ಮುಂದಿನ ವರ್ಷ ಬಿಚ್ಚಲು ಸುಲಭವಾಗಲೆಂದು ಬರೀ ಉದ್ದುದ್ದ ಟಾಕು ಹಾಕಿದೆ.

ಭಾನುವಾರ ಆಟ ಮುಗಿಯಲು ಎರಡು ನಿಮಿಷವಿತ್ತು. ನಮ್ಮವರು ಎರಡು ಅಂಕ ಹಿಂದೆ. ಚೆಂಡು ಚಿತ್ರಾಳಿಗೆ ಸಿಕ್ಕಿತು. ಚೌಕದ ಹೊರಗೆ, ವಾಡಿಕೆಯ ಜಾಗದಲ್ಲೇ, ಕೆಂಜಡೆಯವಳು ಕೈ ಹಾಕಿದಳು. ಬಟ್ಟೆ ಮೈಗಂಟಿತ್ತು, ಹಿಡಿತ ಸಿಗಲಿಲ್ಲ. ಮತ್ತೊಮ್ಮೆ ಹಾಕಿದಳು, ಜಾರಿತು. ಆ ರಭಸದಲ್ಲಿ ಇಬ್ಬರೂ ಗೆರೆ ದಾಟಿದ್ದನ್ನು ನಾನು ನೋಡಿದೆ, ಅವಳು ನೋಡಲಿಲ್ಲ. ಮೂರನೆಯ ಸಲ ಹೊಲಿಗೆಯ ಅಂಚೇ ಕೈಗೆ ಸಿಕ್ಕಿತು. ಚರ್ರೆಂದು ನನ್ನ ಟಾಕೆಲ್ಲ ಬಿಚ್ಚಿಹೋಗಿ, ಒಳಗಿದ್ದ ಬಟ್ಟೆ ಹಾಯಿಯ ಹಾಗೆ ಹೊರಗೆ ಬಂತು. ಚಿತ್ರಾ ಬಿದ್ದಳು. ಅವಳ ಅಂಗಿಯ ಬಿಚ್ಚಿದ ಅಂಚು ಮಾತ್ರ ಇನ್ನೂ ಕೆಂಜಡೆಯವಳ ಮುಷ್ಟಿಯಲ್ಲೇ ಇತ್ತು.

"ಸಾರಿ," ಎಂದಳು ಅವಳು, ಅಭ್ಯಾಸಬಲದಿಂದ.

ಬೋಳುತಲೆಯ ರೆಫರಿ ಆ ಮುಷ್ಟಿಯನ್ನು ನೋಡಿದ, ಕಾಲ ಕೆಳಗಿನ ಸುಣ್ಣದ ಗೆರೆಯನ್ನು ನೋಡಿದ, ಎರಡೂ ಕೈ ಚಾಚಿ ಪೆನಾಲ್ಟಿ ಎಂದ. ಕಾನ್ವೆಂಟಿನಲ್ಲಿ ಕಲಿತ ನಯವೆಲ್ಲ ಮರೆತು ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ. "ಹೊಡಿಯೇ ಪುಟ್ಟಾ! ಬಿಡಬೇಡ!" ಎಂದು ಕೂಗಿದ್ದು ನಾನೇ ಎಂದು ಮೊರೀನ್ ಇವತ್ತಿಗೂ ಹೇಳುತ್ತಾಳೆ. ಒಂದು ಬದಿ ಜೋಲುತ್ತಿದ್ದ ಅಂಗಿಯಲ್ಲೇ ಚಿತ್ರಾ ನಾಲ್ಕು ಹೆಜ್ಜೆ ಓಡಿ ಒದ್ದಳು. ಬಲೆ ಹಿಂದಕ್ಕೆ ಉಬ್ಬಿತು. ಮೂರು ಅಂಕ! ಒಂದೇ ಅಂಕದಿಂದ ಗೆದ್ದೆವು. ಹುಡುಗಿಯರು ಅವಳನ್ನು ಮುತ್ತಿಕೊಂಡರು. ಕುರ್ಚಿ ನನ್ನ ಕೆಳಗೆ ತಾನಾಗಿಯೇ ಮಡಿಸಿಕೊಂಡಿತು.

ಇಷ್ಟೆಲ್ಲ ಮುಗಿದ ಮೇಲೆ ನಮ್ಮನ್ನು ಕರೆದೊಯ್ಯಲು ನನ್ನ ಗಂಡ ಬಂದರು. ಭಾನುವಾರ ಅವರು ಹೋಬೋಕನ್‌ನ ಗೆಳೆಯರ ಮನೆಯಲ್ಲಿ ರಮ್ಮಿ ಆಡುವುದು, ಕಡೆಯ ಅರ್ಧಗಂಟೆಗಾದರೂ ಬರುತ್ತೇನೆಂದು ಮಗಳಿಗೆ ಮಾತು ಕೊಡುವುದು, ತಡವಾದರೆ ಡೋನಟ್ ತರುವುದು ರೂಢಿ. ಅವತ್ತೂ ಪೆಟ್ಟಿಗೆ ಮುಂದೆ ಚಾಚಿ, "ಸಾರಿ ಕಣೇ, ಬ್ರಿಡ್ಜ್ ಮೇಲೆ ಏನು ಟ್ರಾಫಿಕ್ಕು ಅಂತೀಯ!" ಎಂದರು.

ಡೋನಟ್ ಬಿಸಿಯಾಗಿರಲಿಲ್ಲ. ನನ್ನ ಹಾಳೆಗಳ ಹಾಗೆ, ರಮ್ಮಿಗೆ ಹೋಗುವ ದಾರಿಯಲ್ಲೇ ಕೊಂಡಿಟ್ಟುಕೊಂಡಂತಿತ್ತು.

"ಎಷ್ಟು ಹೊತ್ತಿಗೆ ತಗೊಂಡಿದ್ದು ಇದನ್ನ?" ಎಂದೆ.

"ಬೆಳಿಗ್ಗೇನೇ. ಯಾಕೆ?"

"ಇಷ್ಟು ದಿನ ನೀವು ತಪ್ಪು ಮಾಡಿದ್ದು ಚೌಕದ ಹೊರಗೆ ರೀ. ಇವತ್ತು ಮಗಳ ಮೊದಲನೇ ಗೋಲು ತಪ್ಪಿಸಿಕೊಂಡ್ರಿ. ಇದು ಒಳಗಡೆ."

ಈ ಆಟದಲ್ಲಿ ಗೋಲುಕಂಬದ ಪಕ್ಕ ಬಿಳಿ ಕೋಟು ತೊಟ್ಟ ಅಂಪೈರ್ ನಿಲ್ಲುತ್ತಾನೆ; ಗೋಲಾದರೆ ಹಸಿರು ಬಾವುಟ ಎತ್ತುವುದು ಅವನ ಕೆಲಸ. ಮುಂದಿನ ಸೀಸನ್ನಿಗೆ ಮೊರೀನಳಿಗೆ ಅಂಥವರೊಬ್ಬರು ಬೇಕಿತ್ತು. ನಾನು ಗಂಡನ ಹೆಸರು ಕೊಟ್ಟೆ: ಒಂದು ವರ್ಷ, ಪ್ರತಿ ಭಾನುವಾರ.

ಚಿತ್ರಾ ಆಟ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ. ಇವರು ಮೊದಲೆರಡು ವಾರ ಗೊಣಗಿದರು. ನಾನೂ ಕೊಡೆಯ ಕೆಳಗೆ ಹಾಗೇ ಮುಖ ಊದಿಸಿಕೊಂಡಿದ್ದೆ. ವಾರ ಕಳೆಯುವಷ್ಟರಲ್ಲಿ ಸಿಸ್ಟರ್ ತಮ್ಮೂರಿನ ಹಸುಗಳ ಕಥೆ ಹೇಳತೊಡಗಿ, ಹದಿನೈದನೆಯ ದಿನ ಕೊಡೆ ಬಿಟ್ಟುಕೊಡಲು ನನಗೇ ಬೇಸರವಾಗಿತ್ತು. ಈಗ ಇವರೇ ಕೋಟಿಗೆ ಇಸ್ತ್ರಿ ಮಾಡಿಕೊಳ್ಳುತ್ತಾರೆ. ಹೋದ ಭಾನುವಾರ ಚಿತ್ರಾ ಗೋಲು ಹೊಡೆದಾಗ ಹಸಿರು ಬಾವುಟ ಹಿಡಿದು ಕಂಬವನ್ನು ಎರಡು ಸುತ್ತು ಸುತ್ತಿದರು.

"ಅಂಪೈರ್ ಆದವನು ಕುಣಿಯಬಾರದು. ಅದೂ ಫೌಲೇ," ಎಂದಳು ಮೊರೀನ್.

"ಏನು ಶಿಕ್ಷೆ?" ಎಂದೆ.

"ಇನ್ನೊಂದು ವರ್ಷ."

ಗೋಲಿನ ಕಡೆಯಿಂದ ಇವರು ಕೂಗಿ ಹೇಳಿದರು: "ಸಾರಿ!"